ಕೊಡಗಿನಿಂದ ಕೆಪಿಟಿಸಿಎಲ್ ಎಇ, ಜೆಇ ಹುದ್ದೆಗೆ ಅರ್ಜಿ: ಕಾಗದಪತ್ರ ಮೊದಲು, ಫಾರಂ ಆಮೇಲೆ

ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ, ಅಂದರೆ ಕೆಪಿಟಿಸಿಎಲ್‌ನ, ಅಸಿಸ್ಟೆಂಟ್ ಎಂಜಿನಿಯರ್ ಅಥವಾ ಜೂನಿಯರ್ ಎಂಜಿನಿಯರ್ ಹುದ್ದೆಗೆ ಆನ್‌ಲೈನ್ ಅರ್ಜಿ ತುಂಬಲು ಹೆಚ್ಚೆಂದರೆ ಮುಕ್ಕಾಲು ಗಂಟೆ ಸಾಕು. ಅಭ್ಯರ್ಥಿಗಳು ಎಡವುವುದು ಅಲ್ಲಲ್ಲ. ಅರ್ಜಿಯಲ್ಲಿ ‘ಹೌದು’ ಎಂದು ಒತ್ತಿದ ಪ್ರತಿ ಮೀಸಲಾತಿಗೂ ಒಂದು ಪ್ರಮಾಣಪತ್ರ ಬೇಕು, ಅದು ಅರ್ಜಿಯ ಕೊನೆಯ ದಿನದೊಳಗೆ ಪಡೆದದ್ದಾಗಿರಬೇಕು, ಆ ದಿನಕ್ಕೆ ಚಾಲ್ತಿಯಲ್ಲೂ ಇರಬೇಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದು, ದಾಖಲೆ ಪರಿಶೀಲನೆಯ ಮೇಜಿನ ಮುಂದೆ ‘ನಿಮ್ಮ ಸರ್ಟಿಫಿಕೇಟಿನ ತಾರೀಕು ಸರಿಯಿಲ್ಲ’ ಎಂದು ಕೇಳುವುದಕ್ಕಿಂತ ಬೇಸರದ ಸಂಗತಿ ಬೇರೆ ಇಲ್ಲ. ಅದಕ್ಕೇ ಈ ಬರಹದಲ್ಲಿ ಫಾರಂಗಿಂತ ಕಾಗದಕ್ಕೆ ಹೆಚ್ಚು ಜಾಗ.

ದೊಡ್ಡ ಸಂಖ್ಯೆಯ ನೇಮಕಾತಿ ವರ್ಷಾವರ್ಷ ಬರುವುದಿಲ್ಲ. 2022ರ ಅಧಿಸೂಚನೆಯಲ್ಲಿ ಒಟ್ಟು 1,492 ಹುದ್ದೆಗಳಿದ್ದವು. ಅದರಲ್ಲಿ ಎಇ ವಿದ್ಯುತ್ 505, ಜೆಇ ವಿದ್ಯುತ್ 570, ಸಿವಿಲ್ ವಿಭಾಗದ ಎಇ 28, ಜೆಇ 29. ಉಳಿದವು ಕಿರಿಯ ಸಹಾಯಕರದು. ಹೀಗೆ ಒಮ್ಮೆ ಬಂದದ್ದು ಕೈತಪ್ಪಿದರೆ ಮುಂದಿನದಕ್ಕೆ ವರ್ಷಗಟ್ಟಲೆ ಕಾಯಬೇಕು, ಅಷ್ಟರಲ್ಲಿ ವಯೋಮಿತಿ ಮೀರಿದರೂ ಮೀರಿತು.

ಯಾವ ಕಂಪನಿ, ಯಾವ ವೃಂದ

ನಮ್ಮಲ್ಲಿ ಕಂಬ ಬಿದ್ದರೂ ಬಿಲ್ ಬಂದರೂ ಇವತ್ತಿಗೂ ‘ಕೆಇಬಿಯವರು’ ಅಂತಲೇ ಹೇಳುತ್ತಾರೆ. ಅರ್ಜಿ ಹಾಕುವವರಿಗೆ ಮಾತ್ರ ವ್ಯತ್ಯಾಸ ಗೊತ್ತಿರಬೇಕು. ಉತ್ಪಾದನೆ ಕೆಪಿಸಿಎಲ್‌ನದು, ಶರಾವತಿ, ವಾರಾಹಿ, ರಾಯಚೂರು, ಬಳ್ಳಾರಿ ಎಲ್ಲ ಅದರ ಕೆಳಗೆ. 66 ಕೆವಿ ಮತ್ತು ಅದಕ್ಕಿಂತ ಮೇಲಿನ ಲೈನ್, ಸಬ್‌ಸ್ಟೇಷನ್‌ಗಳು ಕೆಪಿಟಿಸಿಎಲ್‌ನವು. ಮನೆ, ತೋಟ, ಪಂಪ್‌ಸೆಟ್‌ಗೆ ಕರೆಂಟ್ ಕೊಡುವುದು ಎಸ್ಕಾಂಗಳು. ಕೊಡಗು, ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಈ ಐದು ಜಿಲ್ಲೆಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಕೆಪಿಟಿಸಿಎಲ್ ಮೂಲಕ ಎಇ ಆದವರನ್ನು ಎಸ್ಕಾಂಗೂ ಹಾಕುತ್ತಾರೆ. ಮಡಿಕೇರಿಯಲ್ಲೇ ಪೋಸ್ಟಿಂಗ್ ಸಿಗುತ್ತದೆ ಎಂಬ ಲೆಕ್ಕದ ಮೇಲೆ ಅರ್ಜಿ ಹಾಕಬೇಡಿ.

ಎಇಗೆ ಬಿಇ, ಜೆಇಗೆ ಡಿಪ್ಲೊಮಾ. ಕುಶಾಲನಗರದ ಸರ್ಕಾರಿ ಕಾಲೇಜಿನಲ್ಲೋ ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್‌ನಲ್ಲೋ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಓದಿದವರು ವಿದ್ಯುತ್ ವಿಭಾಗದ ವಿದ್ಯಾರ್ಹತೆಯ ಕಾಲಂ ಅನ್ನು ಅಕ್ಷರ ಬಿಡದೆ ಓದಬೇಕು. ‘ತತ್ಸಮಾನ’ ಎಂಬ ಪದ ಅಲ್ಲಿ ಇದೆಯೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಬಿಇ ಮಾಡಿದವರು ಡಿಪ್ಲೊಮಾ ಹುದ್ದೆಗೂ ಹಾಕಬಹುದೇ ಎಂಬ ಪ್ರಶ್ನೆಗೂ ಉತ್ತರ ಅದೇ ಕಾಲಂನಲ್ಲಿ ಸಿಗುತ್ತದೆ, ವಾಟ್ಸಾಪ್ ಗುಂಪಿನಲ್ಲಲ್ಲ. ಕೊನೆಯ ಸೆಮಿಸ್ಟರ್ ಫಲಿತಾಂಶ ಅರ್ಜಿಯ ಕೊನೆಯ ದಿನಾಂಕದ ಮೊದಲು ಬಂದಿರಬೇಕು. ಬ್ಯಾಕ್‌ಲಾಗ್ ಒಂದೇ ಉಳಿದಿದ್ದರೂ ಅರ್ಹತೆ ಇಲ್ಲ.

ವೃಂದ, ಅಂದರೆ ಯಾವ ಪ್ರದೇಶದ ಪಾಲಿನ ಹುದ್ದೆ ಎಂದು ಕೇಳುವ ಕಡೆ ಕೆಲವರು ಗಡಿಬಿಡಿಯಲ್ಲಿ ತಪ್ಪು ಒತ್ತುತ್ತಾರೆ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಪ್ರತ್ಯೇಕ ಹುದ್ದೆಗಳಿರುತ್ತವೆ. ಕೊಡಗಿನವರದು ಅದಲ್ಲ, ಉಳಿಕೆ ಮೂಲ ವೃಂದ.

ವಯೋಮಿತಿ ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ 40 ಎಂಬುದು ವಾಡಿಕೆಯ ಲೆಕ್ಕ. ಮಧ್ಯೆ ಮಧ್ಯೆ ಸರ್ಕಾರ ಒಂದು ಬಾರಿಯ ಸಡಿಲಿಕೆ ಕೊಡುವುದುಂಟು. ಆಯಾ ಅಧಿಸೂಚನೆಯಲ್ಲಿರುವುದೇ ಅಂತಿಮ.

ಪ್ರಮಾಣಪತ್ರಗಳು

ಜಾತಿ ಪ್ರಮಾಣಪತ್ರದಿಂದ ಶುರು ಮಾಡೋಣ. ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ ಡಿ, ಪ್ರವರ್ಗ-1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ಕೊನೆಯದಕ್ಕೆ ಐದು ವರ್ಷದ ಆಯಸ್ಸು. ಪಿಯುಸಿ ಮುಗಿದಾಗ ಸಿಇಟಿಗೆಂದು ಮಾಡಿಸಿದ ಸರ್ಟಿಫಿಕೇಟನ್ನೇ ಬಿಇ ಮುಗಿಸಿದ ಮೇಲೂ ಹಿಡಿದುಕೊಂಡು ಬರುವವರು ತುಂಬ ಜನ. ನಾಲ್ಕು ವರ್ಷ ಓದು, ಮೇಲೊಂದು ವರ್ಷ ತಯಾರಿ ಎಂದರೆ ಅದರ ಅವಧಿ ಅರ್ಜಿಯ ಹೊತ್ತಿಗೆ ಸರಿಯಾಗಿ ಮುಗಿದಿರುತ್ತದೆ. ಈಗಲೇ ತೆಗೆದು ತಾರೀಕು ನೋಡಿ. ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ನಾಡಕಚೇರಿಯಲ್ಲಿ ಹೊಸದಕ್ಕೆ ಹಾಕಿಬಿಡಿ. ಬರುವ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅರ್ಜಿಯಲ್ಲಿ ಕೇಳುವುದು ಅದನ್ನೇ.

ಕೊಡವರು, ಗೌಡರು ಬರುವ 3ಎಗೆ ಮೇಲುಸ್ತರದ (ಕ್ರೀಮಿ ಲೇಯರ್) ಪ್ರಶ್ನೆ ಇದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ದಾಟಬಾರದು. ಆದಾಯದ ಜೊತೆಗೆ ತಂದೆ ತಾಯಿಯ ಹುದ್ದೆಯನ್ನೂ ತೋಟದ ವಿಸ್ತೀರ್ಣವನ್ನೂ ನೋಡುತ್ತಾರೆ. ಕಾಫಿ, ಕರಿಮೆಣಸಿಗೆ ಒಳ್ಳೆ ರೇಟ್ ಬಂದ ವರ್ಷ ಗ್ರಾಮ ಆಡಳಿತಾಧಿಕಾರಿಯ ವರದಿ ಹಿಂದಿನಂತೆಯೇ ಬರುತ್ತದೆ ಅಂದುಕೊಳ್ಳಬೇಡಿ. ಜಮ್ಮಾ (ವಂಶಪಾರಂಪರ್ಯದ) ಜಾಗದ ಪಹಣಿಯಲ್ಲಿ ಒಕ್ಕದ, ಅಂದರೆ ಮನೆತನದ, ಹತ್ತಾರು ಹೆಸರುಗಳಿದ್ದರೆ ನಿಮ್ಮ ಮನೆಯ ಪಾಲು ಎಷ್ಟು ಎಂದು ಮೊದಲೇ ಹೇಳಿ, ಕಾಗದ ತೋರಿಸಿ. ಇಲ್ಲದಿದ್ದರೆ ಫೈಲು ಅಲ್ಲೇ ಕೂರುತ್ತದೆ.

ಮುಂದಿನದು ಗ್ರಾಮೀಣ ಮೀಸಲಾತಿ. ಶೇ 25ರಷ್ಟು ದೊಡ್ಡ ಪಾಲು ಇರುವುದರಿಂದ ಇದನ್ನು ಬಿಟ್ಟುಕೊಡುವುದು ನಷ್ಟ, ತಪ್ಪಾಗಿ ಕೇಳುವುದು ಇನ್ನೂ ದೊಡ್ಡ ನಷ್ಟ. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಮನೆ ಎಲ್ಲಿತ್ತು ಎಂಬುದು ಲೆಕ್ಕಕ್ಕಿಲ್ಲ, ಶಾಲೆ ಎಲ್ಲಿತ್ತು ಎಂಬುದೇ ಲೆಕ್ಕ. ಕಗ್ಗೋಡ್ಲುವಿನಲ್ಲಿ ಮನೆ ಇದ್ದು ದಿನಾ ಮಡಿಕೇರಿ ಪೇಟೆಯ ಕಾನ್ವೆಂಟಿಗೆ ಬಸ್ಸಲ್ಲಿ ಹೋದವರಿಗೆ ಇದು ಸಿಗುವುದಿಲ್ಲ. ಗೋಣಿಕೊಪ್ಪ, ಸಿದ್ದಾಪುರದಂಥ ಕಡೆ ಪೇಟೆ ಎಷ್ಟೇ ಬೆಳೆದಿರಲಿ, ನೀವು ಓದಿದ ಕಾಲಕ್ಕೆ ಅದು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಕೇಳಬಹುದು. ಹತ್ತು ವರ್ಷದಲ್ಲಿ ಒಂದೇ ಒಂದು ವರ್ಷ ಪೇಟೆ ಶಾಲೆಯಲ್ಲಿದ್ದರೂ ಹೋಯಿತು.

ಇದಕ್ಕೆ ಬೇಕಾದದ್ದು ನಮೂನೆ-2. ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ, ಎರಡೂ ಇರಬೇಕು. ಐದನೇ ತರಗತಿವರೆಗೆ ಊರ ಶಾಲೆ, ಆರರಿಂದ ಗಾಳಿಬೀಡು ನವೋದಯವೋ ಕೂಡಿಗೆ ಸೈನಿಕ ಶಾಲೆಯೋ ಆಗಿದ್ದರೆ ಎರಡು ಶಾಲೆಯಿಂದಲೂ ಪ್ರತ್ಯೇಕವಾಗಿ ಪಡೆಯಿರಿ. ನಮ್ಮ ಕಡೆ ಮಕ್ಕಳಿಲ್ಲದೆ ಮುಚ್ಚಿದ ಸಣ್ಣ ಶಾಲೆಗಳು ಹಲವು. ಅಂಥ ಶಾಲೆಯ ದಾಖಲಾತಿ ಪುಸ್ತಕ ಎಲ್ಲಿದೆ ಎಂದು ಬಿಇಒ ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ. ಅದಕ್ಕೆ ಒಂದು ದಿನ ಸಾಲದು. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳಿದರೆ ನಮೂನೆ-2ರ ಜೊತೆಗೆ ಮೇಲುಸ್ತರಕ್ಕೆ ಸೇರಿಲ್ಲ ಎಂಬ ನಮೂನೆ-1 ಕೂಡ ತಹಶೀಲ್ದಾರರಿಂದ ಬೇಕು. ಬಹಳ ಜನ ಮರೆಯುವುದು ಇದನ್ನೇ.

ಕನ್ನಡ ಮಾಧ್ಯಮಕ್ಕೆ ಶೇ 5. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮಾತ್ರ. ಕನ್ನಡವನ್ನು ಒಂದು ಭಾಷೆಯಾಗಿ ಓದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಕನ್ನಡ ಭಾಷಾ ಪರೀಕ್ಷೆಯ ವಿಷಯ ಬೇರೆಯದೇ: ಅಧಿಸೂಚನೆ ವಿನಾಯಿತಿ ಕೊಟ್ಟಿದ್ದರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಕನ್ನಡ ಯಾವ ಭಾಷೆಯಾಗಿ ಇದೆ ಎಂಬುದನ್ನು ನೋಡಿ ಉತ್ತರಿಸಿ.

ಇನ್ನು ಮಾಜಿ ಸೈನಿಕರ ಕೋಟಾ. ಕೊಡಗಿನಲ್ಲಿ ಮನೆಗೊಬ್ಬರು ಸೇನೆಯಲ್ಲಿದ್ದವರು ಸಿಗುತ್ತಾರೆ, ಹಾಗಾಗಿ ‘ಅಪ್ಪ ಸುಬೇದಾರ್ ಆಗಿ ರಿಟೈರ್ ಆಗಿದ್ದಾರೆ’ ಎಂದು ಮಕ್ಕಳು ಈ ಚೌಕ ಒತ್ತುವುದು ಪದೇಪದೇ ಆಗುವ ತಪ್ಪು. ಈ ಮೀಸಲಾತಿ ಇರುವುದು ಸೇವೆಯಿಂದ ಬಿಡುಗಡೆಯಾದ ಸೈನಿಕರಿಗೇ. ಸೇವೆಯಲ್ಲಿದ್ದಾಗ ಮೃತಪಟ್ಟ ಅಥವಾ ಶಾಶ್ವತವಾಗಿ ಅಂಗವಿಕಲರಾದವರ ಅವಲಂಬಿತರಿಗೂ ಅಧಿಸೂಚನೆಯ ಷರತ್ತಿನಂತೆ ಅವಕಾಶ ಇರುತ್ತದೆ. ಮಾಮೂಲಿ ನಿವೃತ್ತರಾದವರ ಮಕ್ಕಳಿಗೆ ಇಲ್ಲ. ಅನುಮಾನವಿದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಕೇಳಿ.

ಹೆಸರಿನ ತಕರಾರು

ಕೊಡವರಲ್ಲೂ ಗೌಡರಲ್ಲೂ ಮನೆಹೆಸರು ಮೊದಲು ಬರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದು ಒಂದಕ್ಷರದ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ, ವಿಟಿಯು ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ಹೋಗಿ ಕೂತಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳ ಆಧಾರ್‌ನಲ್ಲಿ ಗಂಡನ ಮನೆಹೆಸರು ಬಂದಿದ್ದರಂತೂ ಮೂರು ಕಾಗದಕ್ಕೆ ಮೂರು ಹೆಸರು. ನಿಯಮ ಸರಳ: ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಮೂರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ, ಚುಕ್ಕೆ, ಸ್ಪೇಸ್ ಸಮೇತ. ಆಧಾರ್ ಬೇರೆ ಇದ್ದರೆ ಅಧಿಸೂಚನೆ ಬರುವ ಮೊದಲೇ ತಿದ್ದಿಸಿ. ಆಗದಿದ್ದರೆ ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಪರಿಶೀಲನೆಗೆ ತಯಾರಿರಲಿ.

ಫಾರಂ ತುಂಬುವುದು

2022ರ ನೇಮಕಾತಿಯ ಪರೀಕ್ಷೆ ನಡೆಸಿದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅಧಿಸೂಚನೆಯನ್ನು ನಿಗಮದ ಅಥವಾ ಪ್ರಾಧಿಕಾರದ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ವಿಳಾಸ ‘ಡಾಟ್ ಜಿಒವಿ ಡಾಟ್ ಇನ್’ ಎಂದು ಮುಗಿಯದಿದ್ದರೆ ಅಧಿಸೂಚನೆಯಲ್ಲಿ ಮುದ್ರಿಸಿದ ವಿಳಾಸದೊಂದಿಗೆ ಹೋಲಿಸಿ. ಫೇಸ್‌ಬುಕ್ ಜಾಹೀರಾತಿನ ಲಿಂಕ್ ಒತ್ತಿ ಆಧಾರ್ ಸಂಖ್ಯೆ ಕೊಡಬೇಡಿ.

ಮೊಬೈಲ್ ಸಂಖ್ಯೆ, ಇಮೇಲ್ ನಿಮ್ಮದೇ ಇರಲಿ. ಸೈಬರ್ ಅಂಗಡಿಯವರು ಬೇಗ ಮುಗಿಯಲೆಂದು ತಮ್ಮ ಇಮೇಲ್ ಹಾಕಿಬಿಡುತ್ತಾರೆ, ಆಮೇಲೆ ಪಾಸ್‌ವರ್ಡ್ ಮರೆತರೆ ಅವರ ಬಾಗಿಲು ಕಾಯಬೇಕು. ಒಟಿಪಿ ಬರುವ ಸಿಮ್‌ಗೆ ಅರ್ಜಿ ತುಂಬುವ ಜಾಗದಲ್ಲಿ ಸಿಗ್ನಲ್ ಇದೆಯೇ ನೋಡಿಕೊಳ್ಳಿ. ಭಾಗಮಂಡಲ, ಕರಿಕೆ ಕಡೆಯವರು ಮನೆಯ ಅಂಗಳದ ಒಂದು ಮೂಲೆಯಲ್ಲಿ ಒಟಿಪಿ ಹಿಡಿದು ಒಳಗೆ ಓಡಿ ಬರುವಷ್ಟರಲ್ಲಿ ಅದರ ಸಮಯ ಮುಗಿದಿರುತ್ತದೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆಗೆ ಇಳಿದು ಬಂದು ತುಂಬುವುದೇ ವಾಸಿ. ಮಳೆಗಾಲದಲ್ಲಿ ಕಡೆಯ ವಾರಕ್ಕೆ ಬಿಡಲೇಬೇಡಿ: ಒಂದು ಗಾಳಿಗೆ ಕರೆಂಟ್ ಹೋಗಿ, ಟವರಿನ ಬ್ಯಾಟರಿ ಮುಗಿದು, ಎರಡು ದಿನ ಏನೂ ಇರುವುದಿಲ್ಲ. ಕೊನೆಯ ದಿನ ಎಲ್ಲವೂ ಸರಿ ಇದ್ದರೂ ಸರ್ವರ್ ತೆವಳುತ್ತದೆ.

ಫೋಟೊ, ಸಹಿಯ ಅಳತೆ ಅಪ್‌ಲೋಡ್ ಪುಟದಲ್ಲೇ ಬರೆದಿರುತ್ತದೆ. ಫೋನಿನ ಫೋಟೊ ಮೂರು ನಾಲ್ಕು ಎಂಬಿ ಇರುತ್ತದೆ, ಪುಟ ಕೇಳುವುದು ಕೆಬಿ ಲೆಕ್ಕದಲ್ಲಿ. ಸಹಿಯನ್ನು ಗೆರೆಯಿಲ್ಲದ ಬಿಳಿ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಹಾಕಿ, ಹಗಲು ಬೆಳಕಿನಲ್ಲಿ ನೆರಳು ಬೀಳದಂತೆ ಫೋಟೊ ತೆಗೆದು, ಸಹಿಯ ಅಂಚಿಗೆ ಹತ್ತಿರವಾಗಿ ಕ್ರಾಪ್ ಮಾಡಿ, ಆಮೇಲೆ ಗಾತ್ರ ಇಳಿಸಿ. ಕ್ರಾಪ್ ಮಾಡದೆ ಬರೀ ಗಾತ್ರ ಇಳಿಸಿದರೆ ಹಾಳೆಯ ನಡುವೆ ಸಹಿ ಇರುವೆಯಷ್ಟು ಕಾಣುತ್ತದೆ. ಐಫೋನಿನ ಎಚ್‌ಇಐಸಿ ಫೈಲಿನ ಹೆಸರಿನ ಕೊನೆಯನ್ನು ಜೆಪಿಜಿ ಎಂದು ಬದಲಿಸಿದರೆ ಫೈಲು ಬದಲಾಗುವುದಿಲ್ಲ, ಪರಿವರ್ತಿಸಿಯೇ ಹಾಕಬೇಕು. ಇಲ್ಲಿ ಹಾಕಿದ ಸಹಿಯನ್ನೇ ಪರೀಕ್ಷಾ ಕೊಠಡಿಯಲ್ಲೂ ಮಾಡಬೇಕಾಗುತ್ತದೆ ಎಂಬುದು ನೆನಪಿರಲಿ.

ಅಂಕಗಳ ಕಾಲಂನಲ್ಲಿ ಸಿಜಿಪಿಎಯನ್ನು ಹತ್ತರಿಂದ ಗುಣಿಸಿ ಬರೆಯುವುದು ಸಾಮಾನ್ಯ ತಪ್ಪು. ವಿಟಿಯು 2018ರ ಸ್ಕೀಮ್‌ನಲ್ಲಿ ಸಿಜಿಪಿಎಯಿಂದ 0.75 ಕಳೆದು ಆಮೇಲೆ ಹತ್ತರಿಂದ ಗುಣಿಸಬೇಕು. 7.85 ಇದ್ದವರ ಶೇಕಡಾವಾರು 71, 78.5 ಅಲ್ಲ. ಬೇರೆ ಸ್ಕೀಮ್‌ನವರು ತಮ್ಮ ಅಂಕಪಟ್ಟಿಯ ಹಿಂದಿನ ಸೂತ್ರ ನೋಡಿ.

‘ಸಲ್ಲಿಸು’ ಒತ್ತುವ ಮೊದಲು ಪೂರ್ವವೀಕ್ಷಣೆಯನ್ನು ಮನೆಯ ಇನ್ನೊಬ್ಬರ ಕೈಗೆ ಕೊಟ್ಟು, ಮೂಲ ಕಾಗದಗಳ ಪಕ್ಕ ಇಟ್ಟು ಓದಿಸಿ. ತುಂಬಿದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ. ಸಲ್ಲಿಸಿದ ಮೇಲೆ ಮೀಸಲಾತಿಯ ಕೋರಿಕೆ ಬದಲಿಸಲು ಬರುವುದಿಲ್ಲ ಎಂದೇ ಲೆಕ್ಕ ಹಾಕಿ. ತಿದ್ದುಪಡಿಗೆ ಅವಕಾಶ ಕೊಟ್ಟರೆ ಅದು ಉಪಕಾರ. ಅರ್ಜಿಯಲ್ಲಿ ಕೇಳದ ಮೀಸಲಾತಿಯನ್ನು ಆಮೇಲೆ ಪ್ರಮಾಣಪತ್ರ ತೋರಿಸಿ ಪಡೆಯಲು ಆಗದು.

ಶುಲ್ಕ ಮತ್ತು ನಂತರ

ಶುಲ್ಕ ಕಟ್ಟದಿದ್ದರೆ ಅರ್ಜಿ ಇಲ್ಲದಂತೆಯೇ. ಕೆಲವು ಅಧಿಸೂಚನೆಗಳಲ್ಲಿ ಚಲನ್ ಮುದ್ರಿಸಿ ಅಂಚೆ ಕಚೇರಿಯಲ್ಲಿ ಕಟ್ಟಬೇಕಿರುತ್ತದೆ, ಕೆಲವಲ್ಲಿ ಆನ್‌ಲೈನ್. ಅಂಚೆ ಕಚೇರಿಯಾದರೆ ಭಾನುವಾರ, ಹಬ್ಬದ ರಜೆ ಕಳೆದು ಎಷ್ಟು ದಿನ ಉಳಿಯುತ್ತದೆ ಎಣಿಸಿಕೊಳ್ಳಿ. ಹಳ್ಳಿಯ ಶಾಖಾ ಅಂಚೆ ಕಚೇರಿಯನ್ನು ನಂಬದೆ ತಾಲ್ಲೂಕು ಕೇಂದ್ರದಲ್ಲೇ ಕಟ್ಟಿ. ಆನ್‌ಲೈನ್‌ನಲ್ಲಿ ಖಾತೆಯಿಂದ ಹಣ ಕಡಿತವಾಗಿ, ಪುಟ ಮಾತ್ರ ‘ಪಾವತಿಯಾಗಿಲ್ಲ’ ಎಂದರೆ ಆ ಕ್ಷಣವೇ ಎರಡನೇ ಸಲ ಕಟ್ಟಬೇಡಿ. ವಹಿವಾಟು ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟು ಕೆಲವು ಗಂಟೆ ಬಿಟ್ಟು ಲಾಗಿನ್ ಆಗಿ ನೋಡಿ. ಮರುದಿನವೂ ಹಾಗೇ ಇದ್ದು ಕಡೆಯ ದಿನ ಹತ್ತಿರವಾಗಿದ್ದರೆ ಮತ್ತೆ ಕಟ್ಟಿ, ಮೊದಲಿನ ಹಣಕ್ಕೆ ಬ್ಯಾಂಕಿನಲ್ಲಿ ದೂರು ಕೊಡಿ. ಹೀಗಾಗಿಯೇ ಶುಲ್ಕವನ್ನು ಕೊನೆಯ ಸಂಜೆಗೆ ಇಟ್ಟುಕೊಳ್ಳಬಾರದು.

ಪಾವತಿ ‘ಆಗಿದೆ’ ಎಂದು ತೋರಿಸುವ ಅಂತಿಮ ಅರ್ಜಿಯ ಪಿಡಿಎಫ್ ಅನ್ನು ಇಮೇಲಿಗೂ ಕಳಿಸಿ, ಎರಡು ಪ್ರತಿ ಮುದ್ರಿಸಿ ಮೂಲ ಕಾಗದಗಳ ಜೊತೆ ಪ್ಲಾಸ್ಟಿಕ್ ಫೋಲ್ಡರಿನಲ್ಲಿಡಿ. ಜುಲೈ ತಿಂಗಳಲ್ಲಿ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುವ ಊರು ನಮ್ಮದು. ಅರ್ಜಿಗೆ ಹಾಕಿದ ಫೋಟೊದ ಇನ್ನಷ್ಟು ಪ್ರತಿಗಳೂ ಅದರಲ್ಲೇ ಇರಲಿ.

ಪರೀಕ್ಷಾ ಕೇಂದ್ರದ ಆಯ್ಕೆ ಕೇಳಿದಾಗ ಮಡಿಕೇರಿ ಪಟ್ಟಿಯಲ್ಲಿ ಇಲ್ಲದಿದ್ದರೆ ಮೈಸೂರು ಮೊದಲು ಹಾಕಿ. ಮಂಗಳೂರು ನಕ್ಷೆಯಲ್ಲಿ ಹತ್ತಿರ ಕಂಡರೂ ಸಂಪಾಜೆ ಘಾಟಿಯಲ್ಲಿ 2018ರ ಆಗಸ್ಟಿನಂತೆ ಗುಡ್ಡ ಕುಸಿದರೆ ದಾರಿಯೇ ಇರುವುದಿಲ್ಲ. ಮೈಸೂರಿಗಾದರೂ ಬೆಳಗಿನ ಮೊದಲ ಬಸ್ಸು ಹಿಡಿದು ಸಮಯಕ್ಕೆ ಮುಟ್ಟುವ ಲೆಕ್ಕ ಬೇಡ, ಹಿಂದಿನ ದಿನವೇ ಹೋಗಿ ಉಳಿಯಿರಿ. ಪ್ರವೇಶಪತ್ರದಲ್ಲಿ ಉಡುಪಿನ ನಿಯಮ, ಗುರುತಿನ ಚೀಟಿಯ ಪಟ್ಟಿ ಇರುತ್ತದೆ. ಅದರಲ್ಲಿನ ಹೆಸರು, ಹುಟ್ಟಿದ ದಿನ, ವರ್ಗ ತಪ್ಪಿದ್ದರೆ ಇಳಿಸಿಕೊಂಡ ದಿನವೇ ಅರ್ಜಿ ಸಂಖ್ಯೆ ಹಾಕಿ ಪ್ರಾಧಿಕಾರಕ್ಕೆ ಇಮೇಲ್ ಬರೆದು, ಅದರ ಮುದ್ರಿತ ಪ್ರತಿಯನ್ನು ಪರೀಕ್ಷೆಗೆ ಜೊತೆಯಲ್ಲಿ ಒಯ್ಯಿರಿ.