ಸುಣ್ಣದ ಕಲ್ಲಿನಿಂದ ಫಾಸ್ಫೇಟ್: ಮೂರು ಹಂತದ ಲೆಕ್ಕ ಬಿಡಿಸುವುದು ಹೇಗೆ?

ಒಂದೇ ಕ್ರಿಯೆಯ ಲೆಕ್ಕವನ್ನು ಪಿಯುಸಿ ಮಕ್ಕಳು ಸಲೀಸಾಗಿ ಬಿಡಿಸುತ್ತಾರೆ. ಮೂರು ಕ್ರಿಯೆ ಸಾಲಾಗಿ ಬಂದರೆ ಎಡವುತ್ತಾರೆ. ಕಲಬುರಗಿಯ ಮನೆಮನೆಯ ನೆಲದಲ್ಲಿರುವ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಅದನ್ನೇ 1 ಕಿಲೊ ತೆಗೆದುಕೊಳ್ಳೋಣ. ಸುಟ್ಟರೆ ಕ್ಯಾಲ್ಸಿಯಂ ಆಕ್ಸೈಡ್, ನೀರು ಹಾಕಿದರೆ ಹೈಡ್ರಾಕ್ಸೈಡ್, ಫಾಸ್ಫಾರಿಕ್ ಆಮ್ಲ ಬೆರೆಸಿದರೆ ಕ್ಯಾಲ್ಸಿಯಂ ಫಾಸ್ಫೇಟ್. ಕೊನೆಗೆ ಸಿಗುವುದು ಎಷ್ಟು ಗ್ರಾಂ?

ಮೊದಲು ಮೂರೂ ಸಮೀಕರಣ ಸರಿದೂಗಿಸಿ: CaCO₃ → CaO + CO₂; CaO + H₂O → Ca(OH)₂; 3Ca(OH)₂ + 2H₃PO₄ → Ca₃(PO₄)₂ + 6H₂O.

ಆಮೇಲೆ ಶುದ್ಧತೆ. ಕಲ್ಲಿನಲ್ಲಿ ಜೇಡಿ, ಸಿಲಿಕಾ ಬೆರೆತಿರುತ್ತವೆ. ಕಲ್ಲಿನ ಮುಖ್ಯ ಭಾಗವಾದ ಕ್ಯಾಲ್ಸಿಯಂ ಕಾರ್ಬನೇಟ್ ಶೇ 90 ಎಂದಿಟ್ಟುಕೊಂಡರೆ 900 ಗ್ರಾಂ. ಮೋಲ್ ಎಂದರೆ ಕಣಗಳನ್ನು ಎಣಿಸುವ ಒಂದು ನಿಗದಿತ ಅಳತೆ; ಒಂದು ಮೋಲ್ ಎಷ್ಟು ಗ್ರಾಂ ತೂಗುತ್ತದೋ ಅದೇ ಮೋಲಾರ್ ರಾಶಿ. ಕಾರ್ಬನೇಟಿನ ಮೋಲಾರ್ ರಾಶಿ 100, ಹಾಗಾಗಿ 9 ಮೋಲ್.

ಇನ್ನು ಗ್ರಾಂ ಮರೆತುಬಿಡಿ. ಮೊದಲೆರಡು ಹಂತಗಳಲ್ಲಿ ಒಂದಕ್ಕೆ ಒಂದು, ಆದ್ದರಿಂದ 9 ಮೋಲ್ ಹಾಗೇ ಮುಂದೆ ಹೋಗುತ್ತದೆ. ಮುಗ್ಗರಿಸುವುದು ಮೂರನೆಯದರಲ್ಲಿ: 3 ಮೋಲ್ ಹೈಡ್ರಾಕ್ಸೈಡ್, 2 ಮೋಲ್ ಆಮ್ಲ ಸೇರಿದರೆ ಫಾಸ್ಫೇಟ್ 1 ಮೋಲ್ ಮಾತ್ರ. 9 ಅನ್ನು 3ರಿಂದ ಭಾಗಿಸಿದರೆ 3 ಮೋಲ್. ಫಾಸ್ಫೇಟಿನ ಮೋಲಾರ್ ರಾಶಿ 310ರಿಂದ ಗುಣಿಸಿದರೆ 930 ಗ್ರಾಂ. ಹಲವರು ನಡುವೆ ಗ್ರಾಂಗೆ ಇಳಿದು, 666 ಗ್ರಾಂ ಹೈಡ್ರಾಕ್ಸೈಡನ್ನೇ 3ರಿಂದ ಭಾಗಿಸಿ 222 ಎಂದು ಬರೆಯುತ್ತಾರೆ. ಸಮೀಕರಣದ 3, 2, 1 ಮೋಲ್‌ಗಳ ಅನುಪಾತ, ತೂಕದ್ದಲ್ಲ. ಇನ್ನು ಕೆಲವರು ಗ್ರಾಂ ಅನ್ನು ಮೋಲ್ ಮಾಡುವಾಗಲೇ ಹೈಡ್ರಾಕ್ಸೈಡಿನ ಮೋಲಾರ್ ರಾಶಿ 74ನ್ನು 3ರಿಂದ ಗುಣಿಸಿ, ಆಮೇಲೆ ಮತ್ತೆ 3ರಿಂದ ಭಾಗಿಸುತ್ತಾರೆ. 3 ಮೋಲ್ ಬರಬೇಕಾದ ಕಡೆ 1 ಬಂದರೆ ತಪ್ಪು ಇಲ್ಲೇ ಇದೆ.

ಅಡ್ಡದಾರಿಯೂ ಉಂಟು. ಕ್ಯಾಲ್ಸಿಯಂ ಎಲ್ಲೂ ಸೋರಿಹೋಗಿಲ್ಲ, ಒಂದು ಫಾಸ್ಫೇಟಿನಲ್ಲಿ ಮೂರು ಕ್ಯಾಲ್ಸಿಯಂ. ಅಲ್ಲಿಗೆ 9 ಭಾಗ 3. ತಾಳೆ ನೋಡಲು ಇದನ್ನು ಬಳಸಿ, ಉತ್ತರ ಪತ್ರಿಕೆಯಲ್ಲಿ ಹಂತಗಳನ್ನೇ ಬರೆಯಿರಿ. ಒಂದೇ ಸಾಲಿನ ಸೂತ್ರ ಉರುಹೊಡೆಸುವ ಗೈಡುಗಳನ್ನು ಕೊಳ್ಳಲೇಬೇಡಿ. ಅನುಪಾತ ಬದಲಾದ ಕೂಡಲೇ ಅವು ಕೈಕೊಡುತ್ತವೆ.

ಇಳುವರಿಯನ್ನು, ಅಂದರೆ ಲೆಕ್ಕದಂತೆ ಬರಬೇಕಾದದ್ದರಲ್ಲಿ ನಿಜಕ್ಕೂ ಸಿಗುವ ಪಾಲನ್ನು, ಕೂಡಿಸಿ ಕಳೆಯಬಾರದು, ಗುಣಿಸಬೇಕು. ಸುಡುವಲ್ಲಿ ಶೇ 80, ಕೊನೆಯ ಹಂತದಲ್ಲಿ ಶೇ 90 ಎಂದರೆ 0.8 × 0.9 = 0.72. 930ರ ಶೇ 72 ಎಂದರೆ 669.6 ಗ್ರಾಂ. ಸರಾಸರಿ ತೆಗೆದು ಶೇ 85 ಹಾಕಿದವರಿಗೆ 790.5 ಬರುತ್ತದೆ, ಅದು ತಪ್ಪು. ದಶಮಾಂಶ ಕತ್ತರಿಸುವುದು ಕಟ್ಟಕಡೆಗೆ.

ಆಮ್ಲ ಸಾಲುತ್ತದೆಯೇ ಎಂದೂ ನೋಡಿ. ಶೇ 80 ಸುಟ್ಟ ಮೇಲೆ ಉಳಿಯುವ 7.2 ಮೋಲ್ ಹೈಡ್ರಾಕ್ಸೈಡಿಗೆ 4.8 ಮೋಲ್ ಆಮ್ಲ ಬೇಕು. ಪ್ರಶ್ನೆಯಲ್ಲಿ 4 ಮೋಲ್ ಮಾತ್ರ ಕೊಟ್ಟಿದ್ದರೆ ಲೆಕ್ಕ ಹಿಡಿಯಬೇಕಾದದ್ದು ಆಮ್ಲದಿಂದ: ಫಾಸ್ಫೇಟ್ 2 ಮೋಲ್, 620 ಗ್ರಾಂ, ಶೇ 90ರ ಇಳುವರಿಯಲ್ಲಿ 558 ಗ್ರಾಂ.