ಇಸಿ ಸೀಟು ಬೇಕಾ? ಆಪ್ಶನ್ ಪಟ್ಟಿ ಮೊದಲು ಹಾಳೆಯಲ್ಲಿ ಬರೆಯಿರಿ

ಸಿಇಟಿ ಆಪ್ಶನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ತುಂಬುವುದು, ಶುರುವಾಯಿತೆಂದರೆ ಶಿರಸಿಯ ಸೈಬರ್ ಸೆಂಟರ್‌ಗಳಲ್ಲಿ ಒಂದೇ ಮಾತು: ‘ಅಣ್ಣಾ, ನೀವೇ ಯಾವ್ದಾದ್ರೂ ಹಾಕ್ಬಿಡಿ.’ ನಾಲ್ಕು ವರ್ಷದ ಓದನ್ನು ಹೀಗೆ ಬೇರೆಯವರ ಕೈಗೆ ಕೊಡುವುದಾ? ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಷನ್, ಅಂದರೆ ಇಸಿಯನ್ನು ಸರ್ಕಾರಿ ಕಾಲೇಜಿನಲ್ಲಿ ಓದಬೇಕು ಅನ್ನುವವರು ಸ್ವಲ್ಪ ಕೂತು ಲೆಕ್ಕ ಹಾಕಿ.

1. ದಾಖಲೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ವ್ಯಾಸಂಗ ಪ್ರಮಾಣಪತ್ರ ಸಿದ್ಧವಿರಲಿ. 1ರಿಂದ 10ನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿಯನ್ನು ಅರ್ಜಿಯಲ್ಲೇ ಕೇಳಿ.

2. ಕಟಾಫ್, ಅಂದರೆ ಕೊನೆಯ ಸೀಟು ಸಿಕ್ಕ ರ‍್ಯಾಂಕ್. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ವೆಬ್‌ಸೈಟಿನಲ್ಲಿ ಹಿಂದಿನ ವರ್ಷದ ಪಟ್ಟಿ ಇರುತ್ತದೆ. ಎಲ್ಲರೂ ಜಿಎಂ, ಅಂದರೆ ಸಾಮಾನ್ಯ ವರ್ಗದ ಕಾಲಂ ನೋಡಿ ಹೆದರುತ್ತಾರೆ. ಸಿದ್ದಾಪುರದ ಹಳ್ಳಿ ಶಾಲೆಯಲ್ಲಿ ಓದಿದ ಹುಡುಗಿ ನೋಡಬೇಕಾದ್ದು ಜಿಎಂಆರ್. ಹಿಂದುಳಿದ ವರ್ಗ 2ಎ ಆದರೆ 2ಎಆರ್. ಕೊನೆಯ ‘ಆರ್’ ಗ್ರಾಮೀಣಕ್ಕೆ, ‘ಕೆ’ ಕನ್ನಡ ಮಾಧ್ಯಮಕ್ಕೆ. ದುಡ್ಡು ಕೇಳುವ ‘ಕಾಲೇಜ್ ಪ್ರೆಡಿಕ್ಟರ್’ ಆ್ಯಪ್‌ಗಳು ಇದೇ ಪಟ್ಟಿಯನ್ನು ಬಣ್ಣ ಬಳಿದು ತೋರಿಸುತ್ತವೆ, ಸುಮ್ನೆ ದಂಡ.

3. ಪಟ್ಟಿಯ ಕ್ರಮ. ಎಡವುವುದು ಇಲ್ಲೇ. ‘ನನ್ನ ರ‍್ಯಾಂಕಿಗೆ ಇದೇ ಸಿಗೋದು’ ಎಂದು ಸುಲಭದ ಕಾಲೇಜನ್ನು ಮೊದಲು ಹಾಕುತ್ತಾರೆ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತದೆ, ನಿಮ್ಮ ರ‍್ಯಾಂಕಿಗೆ ದಕ್ಕುವ ಮೊದಲ ಸೀಟಿನಲ್ಲೇ ನಿಲ್ಲುತ್ತದೆ. ಸುಲಭದ್ದು ಮೇಲಿದ್ದರೆ ಅದೇ ಗತಿ. ಸಿಗದ ಕಾಲೇಜು ಮೇಲಿದ್ದರೆ ನಷ್ಟ ಏನೂ ಇಲ್ಲ, ಕೆಳಗಿನ ಅವಕಾಶ ಹಾಗೇ ಇರುತ್ತದೆ.

ಹಾಗಾಗಿ ಹಾಳೆ, ಪೆನ್ಸಿಲ್, ರಬ್ಬರ್ ಹಿಡಿದು ಕೂರಿ. ಆಸೆಯ ಕ್ರಮದಲ್ಲೇ ಬರೆಯಿರಿ. ನನ್ನನ್ನು ಕೇಳಿದರೆ 1917ರಲ್ಲಿ ಶುರುವಾದ ಬೆಂಗಳೂರಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು (ಯುವಿಸಿಇ) ಮೊದಲು. ಆಮೇಲೆ ಕಾರವಾರದ ಹತ್ತಿರ ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ದೂರದ ದುಬಾರಿ ಖಾಸಗಿ ಕಾಲೇಜು ಏನಿದ್ದರೂ ಅದರ ಕೆಳಗೆ. ಪ್ರತಿ ಕಾಲೇಜಿನ ಎದುರು ಕೋಡ್, ಕೋರ್ಸ್, ಶುಲ್ಕ ಬರೆಯಿರಿ. ಇಸಿ ಬದಲು ಇಇ, ಅಂದರೆ ಎಲೆಕ್ಟ್ರಿಕಲ್, ಒತ್ತಿದವರು ಪ್ರತಿ ವರ್ಷ ಇರುತ್ತಾರೆ. ಹೋಗಲು ಮನಸ್ಸಿಲ್ಲದ ಕಾಲೇಜನ್ನು ‘ಇರ್ಲಿ ಬಿಡಿ’ ಎಂದು ಸೇರಿಸಬೇಡಿ. ಅದೇ ಸಿಕ್ಕಿಬಿಡುತ್ತದೆ!

4. ತುಂಬುವುದು. ಮಳೆಗಾಲ, ಘಟ್ಟದ ಮೇಲೆ ಕರೆಂಟ್, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಕೊನೆಯ ದಿನಕ್ಕೆ ಇಡಬೇಡಿ. ಸೇವ್ ಮಾಡಿ ಪ್ರಿಂಟ್ ತೆಗೆದು ಹಾಳೆಯ ಜೊತೆ ಸಾಲು ಸಾಲಾಗಿ ತಾಳೆ ನೋಡಿ. ಪಾಸ್‌ವರ್ಡ್ ಸೈಬರ್‌ನವರ ಹತ್ತಿರ ಬಿಟ್ಟು ಬರಬೇಡಿ.

5. ಅಣಕು ಹಂಚಿಕೆ (ಮಾಕ್ ಅಲಾಟ್ಮೆಂಟ್). ಇದು ಸೀಟಲ್ಲ, ಸೂಚನೆ ಮಾತ್ರ. ಬಂದ ಫಲಿತಾಂಶ ಹಿಡಿಸದಿದ್ದರೆ ಕ್ರಮ ಬದಲಿಸಿ.

6. ಚಾಯ್ಸ್. ನಿಜವಾದ ಹಂಚಿಕೆಯಲ್ಲಿ ಸಿಕ್ಕ ಸೀಟು ಒಪ್ಪಿಗೆಯಾದರೆ ಚಾಯ್ಸ್ 1. ಅದನ್ನು ಇಟ್ಟುಕೊಂಡೇ ಪಟ್ಟಿಯಲ್ಲಿ ಅದಕ್ಕಿಂತ ಮೇಲಿನದಕ್ಕೆ ಕಾಯುವುದಾದರೆ 2. ಆದರೆ ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ. ಚಾಯ್ಸ್ 3 ಅಂದರೆ ಕೈಯಲ್ಲಿರುವುದನ್ನು ಬಿಟ್ಟುಕೊಟ್ಟು ಕಾಯುವುದು. ಗಟ್ಟಿ ಗುಂಡಿಗೆಯವರಿಗೆ ಮಾತ್ರ.

ಸೀಟು ಸಿಕ್ಕ ಮೇಲೆ ದುಬಾರಿ ಲ್ಯಾಪ್‌ಟಾಪಿಗೆ ಓಡಬೇಡಿ. ತ್ರಿಕೋನಮಿತಿ, ಸಂಕೀರ್ಣ ಸಂಖ್ಯೆ ಮತ್ತೆ ತಿರುವಿ ಹಾಕಿ. ಮುಂದೆ ಸಿಗ್ನಲ್ಲುಗಳ ಗಣಿತವಾದ ಫೋರಿಯರ್ ಬಂದಾಗ ಅವೇ ಬೇಕು. ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಒಳ್ಳೆಯ ಮಲ್ಟಿಮೀಟರ್ ಕೊಳ್ಳಿ. ತೀರಾ ಅಗ್ಗದ ಹಳದಿ ಮೀಟರ್ ಬೇಡ, ಅದರ ಪ್ರೋಬ್ ವೈರ್ ಬುಡದಲ್ಲೇ ಕಿತ್ತು ಬರುತ್ತದೆ.