ಫೀಸಿಗಿಂತ ಮೊದಲು ಉದ್ರಿ ಪುಸ್ತಕ ಕೇಳಿದವರು

ದಾವಣಗೆರೆಯಲ್ಲಿ ನನ್ನದು ಖಡಕ್ ರೊಟ್ಟಿ, ಚಟ್ನಿಪುಡಿ ವ್ಯಾಪಾರ. ಶೇಂಗಾ, ಗುರೆಳ್ಳು, ಅಗಸೆ, ಮೂರು ಥರದ ಪುಡಿ. ಶೇಂಗಾ ಚಳ್ಳಕೆರೆ ಕಡೆಯಿಂದ ಬರುತ್ತದೆ. ಮನೆ ಹಿಂದಿನ ಶೆಡ್ಡಿನಲ್ಲಿ ನನ್ನ ಜೊತೆ ಐದು ಜನ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಹರಿಹರ, ರಾಣೆಬೆನ್ನೂರು, ಚಿತ್ರದುರ್ಗದ ಅಂಗಡಿಗಳಿಗೂ ಮಾಲು ಹೋಗುತ್ತದೆ. ಇಷ್ಟಾದರೂ ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಗೊತ್ತಿದ್ದವರೊಬ್ಬರು ಪಕ್ಕ ಕೂತು ದಾರಿ ತೋರಿಸಿದರೆ ಚೆನ್ನಾಗಿತ್ತು ಅನ್ನಿಸಿ ಬಿಸಿನೆಸ್ ಕೋಚ್ ಹುಡುಕಲು ಹೊರಟೆ.

ಮೊದಲ ಸಲ ಎಡವಿದೆ. ಫೋನಿನಲ್ಲಿ ಒಂದು ವಿಡಿಯೋ ನೋಡಿ, ಹೋಟೆಲ್ ಹಾಲಿನಲ್ಲಿ ನಡೆದ ಒಂದು ದಿನದ ಕಾರ್ಯಕ್ರಮಕ್ಕೆ ಹೋದೆ. ಜೋರು ಹಾಡು, ಚಪ್ಪಾಳೆ. ಸಂಜೆ ಹೊತ್ತಿಗೆ "ಇವತ್ತೇ ಸೇರಿದರೆ ಅರ್ಧ ಫೀಸು" ಅಂದರು. 40,000 ರೂಪಾಯಿ, ಮೇಲೆ 18% ಜಿಎಸ್‌ಟಿ, ಒಟ್ಟು 47,200 ಕಟ್ಟಿದೆ. ರೊಟ್ಟಿ ಮಷಿನ್‌ಗೆ ಅಂತ ಎತ್ತಿಟ್ಟ ದುಡ್ಡು ಅದು. ಆಮೇಲೆ ಆರು ತಿಂಗಳು ದಿನಾ ಬೆಳಗ್ಗೆ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಸೀರೆ ಅಂಗಡಿಯವರಿಗೂ ಅದೇ, ಜಿಮ್ ನಡೆಸುವವರಿಗೂ ಅದೇ, ನನಗೂ ಅದೇ. ನನ್ನ ವ್ಯಾಪಾರ ಏನು ಅಂತ ಯಾರೂ ಕೇಳಲಿಲ್ಲ. ಮನೆಯಲ್ಲಿ ಹೇಳಿಕೊಳ್ಳಲಾಗದೆ ಕಳೆದ ಆ ತಿಂಗಳುಗಳು ಇವತ್ತಿಗೂ ಚುಚ್ಚುತ್ತವೆ.

ಎರಡನೇ ಸಲ ಯಾರಿಗೂ ಫೋನ್ ಮಾಡುವ ಮುಂಚೆ ಒಂದು ಹಾಳೆಯಲ್ಲಿ ನನಗೆ ಏನೇನು ಗೊತ್ತಿಲ್ಲ ಅಂತ ಬರೆದೆ. ನೋಡಿದರೆ ಅರ್ಧಕ್ಕೆ ಕೋಚ್ ಬೇಕೇ ಇರಲಿಲ್ಲ. ತಿನ್ನುವ ಮಾಲು ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ನೋಂದಣಿಗೆ ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆನ್‌ಲೈನ್‌ನಲ್ಲೇ ಆಗುತ್ತದೆ. ಮಷಿನ್ ಸಾಲಕ್ಕೆ ನಾನು ವಿಚಾರಿಸಿದಾಗ ಪಿಎಂಎಫ್‌ಎಂಇ ಅಂತ ಸಣ್ಣ ಆಹಾರ ಉದ್ಯಮಗಳ ಸರ್ಕಾರಿ ಯೋಜನೆ ಇತ್ತು, ಅದರಲ್ಲಿ 35% ಸಹಾಯಧನ. ಹೊಸದಾಗಿ ಶುರು ಮಾಡುವವರಿಗೆ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಇದೆ. ಇಂಥ ಕೆಲಸಕ್ಕೂ ಸಾವಿರಗಟ್ಟಲೆ ಕೊಡುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಹಾಳೆಯಲ್ಲಿ ಕೊನೆಗೆ ಉಳಿದದ್ದು ಒಂದೇ ಸಾಲು: ಮಾಲು ಹೋಗುತ್ತಿದೆ, ದುಡ್ಡು ಎಲ್ಲಿ ನಿಂತಿದೆ? ಅದನ್ನು ಹಿಡಿದುಕೊಂಡು ಮೂವರ ಹತ್ತಿರ ಮಾತಾಡಿದೆ.

ಮೊದಲನೆಯವರ ಹತ್ತಿರ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್‌ನ ಎಸಿಸಿ ಸರ್ಟಿಫಿಕೇಟ್ ಇತ್ತು. ಸುಮ್ನೆ ಸಿಗುವ ಕಾಗದ ಅಲ್ಲ ಅದು. 60 ಗಂಟೆ ತರಬೇತಿ ಪಡೆದಿರಬೇಕು, 100 ಗಂಟೆ ಕೋಚಿಂಗ್ ಮಾಡಿರಬೇಕು. ಅವರು ತಾಳ್ಮೆಯಿಂದ ಕೇಳಿಸಿಕೊಂಡರು, ಒಳ್ಳೊಳ್ಳೆ ಪ್ರಶ್ನೆ ಕೇಳಿದರು. ಉತ್ತರ ಮಾತ್ರ ನನ್ನಿಂದಲೇ ಬರಬೇಕು ಅಂದರು. ಕೋಚಿಂಗ್‌ನ ರೀತಿಯೇ ಅದು, ತಪ್ಪಲ್ಲ. ಆದರೆ ನನಗೆ ಲೆಕ್ಕ ನೋಡುವುದೇ ಬರುತ್ತಿರಲಿಲ್ಲ, ಉತ್ತರ ಎಲ್ಲಿಂದ ಬರಬೇಕು? ಕೆಲಸ ಗೊತ್ತಿದ್ದು ಮನಸ್ಸು ಗಟ್ಟಿ ಆಗದವರಿಗೆ ಅಂಥವರು ಸರಿ. ಎರಡನೆಯವರು ಏನೂ ನೋಡದೆ "ಮೂರು ತಿಂಗಳಲ್ಲಿ ವ್ಯಾಪಾರ ಮೂರು ಪಟ್ಟು" ಅಂದರು. ಎದ್ದು ಬಂದೆ.

ಮೂರನೆಯವರು ಹಿರಿಯರು. ಬೇಕರಿ ತಿಂಡಿಗಳ ಏಜೆನ್ಸಿ ನಡೆಸಿ ಪಳಗಿದವರು. ಫೋನಿನಲ್ಲೇ ಕೇಳಿದರು:

"ಫೀಸಿನ ಮಾತು ಆಮೇಲೆ ಆಡೋಣಮ್ಮ. ಉದ್ರಿ ಪುಸ್ತಕ ಇಟ್ಟಿದ್ದೀರಾ?"

"ಇದೆ ಸರ್, ಆದರೆ ಸರಿಯಾಗಿ ಬರೆದಿಲ್ಲ."

"ಹೇಗಿದೆಯೋ ಹಾಗೇ ಇರಲಿ. ತಿದ್ದಬೇಡಿ. ನಾನು ಬಂದು ನೋಡ್ತೀನಿ."

ಬಂದು ಶೆಡ್ಡಿನಲ್ಲಿ ಎರಡು ಗಂಟೆ ಕೂತರು. ಒಂದು ರೊಟ್ಟಿಗೆ ಎಷ್ಟು ಖರ್ಚು ಅಂತ ಕೇಳಿದರು. ನಾಲ್ಕು ರೂಪಾಯಿ ಅಂದೆ. ಹಿಟ್ಟು, ಕೂಲಿ ಬಿಟ್ಟರೆ ನನ್ನ ಲೆಕ್ಕದಲ್ಲಿ ಬೇರೇನೂ ಇರಲಿಲ್ಲ. ಅವರು ಗ್ಯಾಸ್ ಸೇರಿಸಿದರು, ಕವರ್ ಸೇರಿಸಿದರು, ಆಟೋ ಬಾಡಿಗೆ ಸೇರಿಸಿದರು. ಆಮೇಲೆ ಮೂಲೆಯ ಬುಟ್ಟಿ ತೋರಿಸಿ "ಆ ಮುರಿದ ರೊಟ್ಟಿ ಯಾರ ಲೆಕ್ಕಕ್ಕೆ?" ಅಂದರು. ಎಲ್ಲ ಕೂಡಿದಾಗ 5 ರೂಪಾಯಿ 60 ಪೈಸೆ ಆಯಿತು. ಅಂಗಡಿಗೆ ನಾನು ಕೊಡುತ್ತಿದ್ದದ್ದು 6 ರೂಪಾಯಿಗೆ. ಉದ್ರಿ ಕೂಡಿಸಿದರೆ 38 ಅಂಗಡಿಗಳಿಂದ 1,90,000 ರೂಪಾಯಿ ಬರಬೇಕಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಆದರೂ ಕೂಡಲೇ ಒಪ್ಪಿಕೊಳ್ಳಲಿಲ್ಲ. ಅವರ ಹಳೇ ಗಿರಾಕಿಗಳ ನಂಬರ್ ಕೇಳಿದೆ, ಮೂರು ಕೊಟ್ಟರು. ಕೋಚ್ ತಾವಾಗಿ ಕೊಡುವ ನಂಬರ್‌ಗಳು ಖುಷಿಯಾಗಿರುವವರದ್ದೇ ಇರುತ್ತವೆ, ಅಲ್ವಾ? ಅದಕ್ಕೆ ಆ ಮೂವರಿಗೂ "ಮಧ್ಯದಲ್ಲಿ ಬಿಟ್ಟವರು ಯಾರಾದರೂ ಗೊತ್ತಾ?" ಅಂತ ಕೇಳಿದೆ. ಒಬ್ಬರು ಸಿಕ್ಕರು. "ಅವರು ಹೇಳಿದ ಮೇಲೆ ನೀವು ನಿಜವಾಗಿ ಬದಲಾಯಿಸಿದ್ದು ಏನು? ಬಿಟ್ಟಿದ್ದು ಯಾಕೆ?" ಅಂತ ಕೇಳಿದೆ. ಚೆನ್ನಾಗಿದ್ದಾರಾ ಅಂತ ಕೇಳಿದ್ದರೆ ಎಲ್ಲರೂ ಹೂಂ ಅಂದುಬಿಡುತ್ತಿದ್ದರು. ಬಿಟ್ಟವರು ಹೇಳಿದರು, "ಲೆಕ್ಕ ಸರಿ ಮಾಡಿಸಿದರು. ಆನ್‌ಲೈನ್‌ನಲ್ಲಿ ಮಾರುವುದು ಅವರಿಗೆ ಗೊತ್ತಿಲ್ಲ." ಅದನ್ನು ಹಾಗೇ ಆ ಹಿರಿಯರ ಮುಂದೆ ಇಟ್ಟೆ. "ಹೌದಮ್ಮ, ಅದು ನನಗೆ ಬರಲ್ಲ. ಅದಕ್ಕೆ ನೀವು ಬೇರೆಯವರನ್ನೇ ನೋಡಬೇಕು" ಅಂದರು. ನಾನು ಒಪ್ಪಿದ್ದು ಆ ಮಾತಿಗೆ.

ತಿಂಗಳಿಗೆ 6,000 ರೂಪಾಯಿ, ಎರಡು ಭೇಟಿ, ಯಾವ ತಿಂಗಳಾದರೂ ನಿಲ್ಲಿಸಬಹುದು. ಇಷ್ಟನ್ನು ಕಾಗದದಲ್ಲಿ ಬರೆಸಿಕೊಂಡೆ. ಕೆಲಸ ಆಗಿದೆಯೋ ಇಲ್ಲವೋ ಅಂತ ನೋಡಲು ಒಂದೇ ಅಳತೆ, ಉದ್ರಿ ಎಷ್ಟು ಇಳಿಯಿತು ಅನ್ನುವುದು.

2006ರ ಎಂಎಸ್‌ಎಂಇ ಕಾಯ್ದೆ ಬಗ್ಗೆ ನನಗೆ ಹೇಳಿದವರು ಅವರೇ. ನಮ್ಮಂಥ ಸಣ್ಣ ತಯಾರಕರಿಂದ ಮಾಲು ತೆಗೆದುಕೊಂಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಯಾರ ಮೇಲೂ ದೂರು ಕೊಡಲಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್, ಕೆಳಗೆ ಕೊಡಬೇಕಾದ ತಾರೀಖು ಹಾಕಿಸಿದೆ. ರೊಟ್ಟಿಗೆ ಒಂದು ರೂಪಾಯಿ ಏರಿಸಿದೆ. ನಾಲ್ಕು ಅಂಗಡಿಯವರು ಮಾಲು ಬೇಡ ಅಂದರು, ಆಗ ತುಂಬ ಹೆದರಿದ್ದೆ. ಐದು ತಿಂಗಳಿಗೆ ಉದ್ರಿ 70,000ಕ್ಕೆ ಇಳಿಯಿತು.

ಎಂಟನೇ ತಿಂಗಳು ಅವರೇ "ಇನ್ನು ನಾನು ಬರೋದು ಬೇಡಮ್ಮ, ಪುಸ್ತಕ ನೀವೇ ನೋಡ್ತಿದ್ದೀರಲ್ಲ" ಅಂದರು. ಈಗ ಆನ್‌ಲೈನ್ ಮಾರಾಟ ಕಲಿಸುವವರನ್ನು ಹುಡುಕುತ್ತಿದ್ದೇನೆ. ಇಬ್ಬರನ್ನು ನೋಡಿಟ್ಟಿದ್ದೇನೆ. ಅವರ ಹಳೇ ಗಿರಾಕಿಗಳ ನಂಬರ್ ಸಿಕ್ಕಿದೆ, ಈ ವಾರ ಮಾತಾಡಬೇಕು.